ಗೀಟು ಎಳೆದ ಬೆಲೆ: ಔಟ್‌ಲೆಟ್ ಮಾಲ್ ಕುರಿತು ಒಂದು ಸಂವಾದ

ಬ್ರ್ಯಾಂಡ್ ಕಂಪನಿಗಳು ಬೇರೆ ವ್ಯಾಪಾರಿಗಳ ಕೈಗೆ ಕೊಡದೆ, ತಮ್ಮದೇ ಅಂಗಡಿಗಳಲ್ಲಿ, ಪೇಟೆಯ ಮುಖ್ಯ ಮಳಿಗೆಗಿಂತ ಕಡಿಮೆ ಬೆಲೆಗೆ ಸರಕು ಮಾರುವ ತಾಣವೇ ಔಟ್‌ಲೆಟ್ ಮಾಲ್. ಬಟ್ಟೆ, ಬೂಟು, ಕೈಚೀಲ, ಗಡಿಯಾರ, ಸುಗಂಧದ್ರವ್ಯ, ಅಡುಗೆ ಪಾತ್ರೆ ಇಲ್ಲಿಯ ಮುಖ್ಯ ಸರಕು. ಇಂಥ ಮಾಲ್‌ಗಳು ಬಹುತೇಕ ಮಹಾನಗರದ ಒಳಗಿರುವುದಿಲ್ಲ. ಹೆದ್ದಾರಿಯ ಪಕ್ಕದಲ್ಲಿ, ಊರಿನಿಂದ ಒಂದು ಗಂಟೆಯ ದಾರಿಯಲ್ಲಿ ಇರುತ್ತವೆ. ಆದ್ದರಿಂದ ಅಲ್ಲಿಗೆ ಹೋಗುವುದು ಬೆಳಿಗ್ಗೆ ಹೊರಟು ಸಂಜೆ ಮರಳುವ ಪೂರ್ತಿ ಒಂದು ದಿನದ ತಿರುಗಾಟ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ಕನ್ನಡಿಗ ತಂದೆತಾಯಿಗಳ ಪ್ರವಾಸದಲ್ಲಿ ನಯಾಗರ ಜಲಪಾತ, ಲಿಬರ್ಟಿ ಪ್ರತಿಮೆಗಳ ಜೊತೆಗೆ ಔಟ್‌ಲೆಟ್ ಮಾಲ್‌ಗೂ ಒಂದು ದಿನ ಮೀಸಲಾಗಿರುವುದುಂಟು.

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದ ಸೆಂಟ್ರಲ್ ವ್ಯಾಲಿಯಲ್ಲಿರುವ ವುಡ್‌ಬರಿ ಕಾಮನ್ ಪ್ರೀಮಿಯಂ ಔಟ್‌ಲೆಟ್ಸ್ ಈ ಬಗೆಯ ಮಾಲ್‌ಗಳಲ್ಲಿ ಹೆಸರುವಾಸಿ. 1985ರಲ್ಲಿ ಆರಂಭವಾದ ಇದರಲ್ಲಿ 200ಕ್ಕೂ ಹೆಚ್ಚು ಅಂಗಡಿಗಳಿವೆ. ಅಲ್ಲಿಗೆ ಹೋದ ಇಬ್ಬರು ಗೆಳತಿಯರ ಮಾತುಕತೆ ಇಲ್ಲಿದೆ. ಒಬ್ಬಳು ಬಹುಕಾಲದಿಂದ ನ್ಯೂಜೆರ್ಸಿಯಲ್ಲಿ ನೆಲೆಸಿದವಳು; ಔಟ್‌ಲೆಟ್ ವ್ಯಾಪಾರದ ಒಳಹೊರಗು ಬಲ್ಲವಳು. ಇನ್ನೊಬ್ಬಳು ಬೆಂಗಳೂರಿನಿಂದ ಬಂದವಳು. ಪೀಣ್ಯದ ಗಾರ್ಮೆಂಟ್ಸ್ ಒಂದರ ಕ್ವಾಲಿಟಿ ವಿಭಾಗದಲ್ಲಿ ದುಡಿದು ಬಟ್ಟೆಯ ಗುಣ ಅರಿತವಳು. ಮಾತು ಆರಂಭವಾಗುವುದು ಮ್ಯಾನ್‌ಹಟನ್‌ನ ಪೋರ್ಟ್ ಅಥಾರಿಟಿ ಬಸ್ ನಿಲ್ದಾಣದಿಂದ ಹೊರಟ ಬಸ್ಸಿನಲ್ಲಿ.

ಬಂದವಳು: ಇದೇ ಕಂಪನಿಗಳ ದೊಡ್ಡ ದೊಡ್ಡ ಅಂಗಡಿಗಳು ನಗರದ ಫಿಫ್ತ್ ಅವೆನ್ಯೂದಲ್ಲೇ ಇವೆ. ಹಾಗಿದ್ದೂ ಗುಡ್ಡಗಾಡಿನ ನಡುವೆ, ಇಷ್ಟು ದೂರದಲ್ಲಿ ಮಾಲ್ ಕಟ್ಟಿದ್ದೇಕೆ?

ನೆಲೆಸಿದವಳು: ದೂರವೇ ಈ ವ್ಯಾಪಾರದ ಬುನಾದಿ. ಊರಾಚೆ ಜಾಗ ಅಗ್ಗ ಅನ್ನುವುದು ಎಲ್ಲರಿಗೂ ಗೊತ್ತಿರುವ ಕಾರಣ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಬ್ರ್ಯಾಂಡ್ ಕಂಪನಿಗಳ ಸರಕನ್ನು ನಗರದ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳು ಪೂರ್ತಿ ಬೆಲೆಗೆ ಮಾರುತ್ತಿದ್ದವು. ಅದೇ ಬೀದಿಯಲ್ಲಿ ಕಂಪನಿಯೇ ಅಗ್ಗದ ಅಂಗಡಿ ತೆರೆದರೆ ಆ ವ್ಯಾಪಾರಿಗಳು ಸುಮ್ಮನಿರುತ್ತಾರೆಯೆ? ಅವರ ಹೊಟ್ಟೆಗೆ ಹೊಡೆಯದಷ್ಟು ದೂರದಲ್ಲಿ ಅಂಗಡಿ ಇಡಬೇಕು ಅನ್ನುವುದು ಆರಂಭದ ದಿನಗಳ ಅಲಿಖಿತ ಕರಾರು.

ಬಂದವಳು: ಅಂದರೆ ಗಿರಾಕಿಗಳನ್ನೇ ಎರಡು ಪಾಲು ಮಾಡಿದ ಹಾಗಾಯಿತು.

ನೆಲೆಸಿದವಳು: ಹೌದು. ಸಮಯವಿಲ್ಲದೆ ಹಣವಿರುವವರು ನಗರದಲ್ಲೇ ಪೂರ್ತಿ ಬೆಲೆ ಕೊಡುತ್ತಾರೆ. ಹಣವನ್ನು ಎಣಿಸಿ ಖರ್ಚು ಮಾಡುವವರು ಒಂದು ದಿನ ತೆತ್ತು ಇಲ್ಲಿಗೆ ಬರುತ್ತಾರೆ. ಒಂದೇ ಬ್ರ್ಯಾಂಡ್ ಇಬ್ಬರಿಂದಲೂ ಲಾಭ ಪಡೆಯುತ್ತದೆ, ಒಬ್ಬರ ಬೆಲೆ ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ. ಅರ್ಥಶಾಸ್ತ್ರಜ್ಞರು ಇದನ್ನು ಬೆಲೆ ತಾರತಮ್ಯ ಅನ್ನುತ್ತಾರೆ. ದೂರದಿಂದ ಇನ್ನೊಂದು ಲಾಭವೂ ಇದೆ. ಟಿಕೆಟ್ಟಿಗೆ ದುಡ್ಡು ಕೊಟ್ಟು, ಗಂಟೆಗಟ್ಟಲೆ ಕೂತು ಬಂದವರಿಗೆ ಬರಿಗೈಲಿ ಮರಳಲು ಮನಸ್ಸು ಒಪ್ಪುವುದಿಲ್ಲ.

ಬಂದವಳು: ಬೆಂಗಳೂರಿನ ಮಾರತಹಳ್ಳಿಯೂ ಇದೇ ದಾರಿಯಲ್ಲಿ ಬೆಳೆದದ್ದು. ಅಲ್ಲಿ ಫ್ಯಾಕ್ಟರಿ ಔಟ್‌ಲೆಟ್‌ಗಳು ಸಾಲುಗಟ್ಟಿ ತೆರೆದಾಗ ಅದು ಊರಿನ ಅಂಚು. ಜಯನಗರದವರು, ಮಲ್ಲೇಶ್ವರದವರು ಭಾನುವಾರ ಕೆಲಸ ಬಿಟ್ಟು ಅಲ್ಲಿಗೆ ಹೋಗುತ್ತಿದ್ದರು. ಆಮೇಲೆ ಹೊರವರ್ತುಲ ರಸ್ತೆಯ ಉದ್ದಕ್ಕೂ ಐಟಿ ಕಂಪನಿಗಳು ಬಂದವು. ಅಂಚಾಗಿದ್ದ ಊರು ನಗರದ ನಡುವೆಯೇ ಬಂದುಬಿಟ್ಟಿತು.

ಔಟ್‌ಲೆಟ್‌ನ ಮೂಲ ಇರುವುದು ಕಾರ್ಖಾನೆಯ ಬಾಗಿಲಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಅಮೆರಿಕದ ಪೂರ್ವ ಭಾಗದ ಬಟ್ಟೆ ಗಿರಣಿಗಳು, ಬೂಟಿನ ಕಾರ್ಖಾನೆಗಳು ಉಳಿಕೆ ಮತ್ತು ದೋಷವಿರುವ ಮಾಲನ್ನು ತಮ್ಮ ನೌಕರರಿಗೆ ಅಗ್ಗವಾಗಿ ಮಾರುತ್ತಿದ್ದವು. ಬರಬರುತ್ತ ಆ ಕಿರುಮಳಿಗೆಗಳಿಗೆ ಊರಿನವರೂ ಬರತೊಡಗಿದರು.

ನೆಲೆಸಿದವಳು: ಕಾರ್ಖಾನೆಯಿಂದ ಬೇರೆಯಾಗಿ ನಿಂತ ಮೊದಲ ಔಟ್‌ಲೆಟ್ ಅಂಗಡಿ ಆಂಡರ್ಸನ್–ಲಿಟಲ್ ಎಂಬ ಗಂಡಸರ ಉಡುಪಿನ ಕಂಪನಿಯದು, 1936ರಲ್ಲಿ ತೆರೆದದ್ದು ಎಂದು ಹೇಳುತ್ತಾರೆ. ಹಲವು ಅಂಗಡಿಗಳು ಒಂದೇ ಕಡೆ ಸೇರಿದ ಮೊದಲ ಕೇಂದ್ರಕ್ಕೆ 1974ರ ಇಸವಿ ಕೊಡುತ್ತಾರೆ. ಅದು ಪೆನ್ಸಿಲ್ವೇನಿಯಾದ ರೆಡಿಂಗ್ ಊರಿನದು. ಅಲ್ಲಿ ಬರ್ಕ್‌ಶೈರ್ ನಿಟಿಂಗ್ ಮಿಲ್ಸ್ ಎಂಬ, ಹೆಂಗಸರ ಕಾಲುಚೀಲ ನೇಯುವ ಭಾರೀ ಕಾರ್ಖಾನೆ ಇತ್ತು. ಅದನ್ನು ಕೊಂಡ ವ್ಯಾನಿಟಿ ಫೇರ್ ಕಂಪನಿ ಆ ಕಟ್ಟಡಗಳನ್ನೇ ಔಟ್‌ಲೆಟ್ ಆಗಿ ಮಾರ್ಪಡಿಸಿತು. ದೂರದೂರದ ಊರುಗಳಿಂದ ಜನ ಬಸ್ಸು ಮಾಡಿಕೊಂಡು ರೆಡಿಂಗ್‌ಗೆ ಬರತೊಡಗಿದರು. ಗೆಳತಿಯರು ಸೇರಿ ಔಟ್‌ಲೆಟ್‌ಗೆ ಹೋಗುವ ರೂಢಿ ಬೇರೂರಿದ್ದು ಆ ಬಸ್ಸುಗಳಲ್ಲಿ.

ಬಂದವಳು: ನೇಯ್ಗೆ ನಡೆದ ಮಿಲ್ಲಿನ ಕಟ್ಟಡದಲ್ಲೇ ಮಾರಾಟವೂ ಆರಂಭವಾಯಿತು.

ನೆಲೆಸಿದವಳು: ಇಂಗ್ಲೆಂಡಿನಲ್ಲೂ ಹಾಗೆಯೇ ಆಯಿತು. ಸಾಮರ್‌ಸೆಟ್‌ನ ಸ್ಟ್ರೀಟ್ ಎಂಬ ಊರು ಕ್ಲಾರ್ಕ್ಸ್ ಬೂಟುಗಳ ತವರು. 1993ರಲ್ಲಿ ಆ ಕಾರ್ಖಾನೆಯ ಜಾಗದಲ್ಲಿಯೇ ಕ್ಲಾರ್ಕ್ಸ್ ವಿಲೇಜ್ ಔಟ್‌ಲೆಟ್ ತೆರೆಯಿತು. 1995ರಲ್ಲಿ ಆಕ್ಸ್‌ಫರ್ಡ್‌ಷೈರ್‌ನ ಬಿಸ್ಟರ್ ವಿಲೇಜ್ ಬಂತು. ಅಲ್ಲಿಯ ಪ್ರವಾಸಿಗರ ದಟ್ಟಣೆ ಎಷ್ಟೆಂದರೆ 2015ರಲ್ಲಿ ರೈಲು ನಿಲ್ದಾಣಕ್ಕೇ ಮಾಲ್‌ನ ಹೆಸರಿಟ್ಟರು. ಜಪಾನಿನಲ್ಲಿ ಫ್ಯೂಜಿ ಪರ್ವತದ ಬಳಿ ಗೋಟೆಂಬಾ ಔಟ್‌ಲೆಟ್ ತೆರೆದದ್ದು 2000ದಲ್ಲಿ. ಈಗ ನಾವು ಹೋಗುತ್ತಿರುವ ವುಡ್‌ಬರಿಯೂ ಗೋಟೆಂಬಾದ ಹಾಗೆಯೇ ಪ್ರೀಮಿಯಂ ಔಟ್‌ಲೆಟ್ಸ್ ಎಂಬ ಹೆಸರಿನಡಿ ನಡೆಯುತ್ತದೆ. ಅದನ್ನು ನಡೆಸುತ್ತಿದ್ದ ಚೆಲ್ಸಿ ಕಂಪನಿಯನ್ನು 2004ರಲ್ಲಿ ಸೈಮನ್ ಪ್ರಾಪರ್ಟಿ ಗ್ರೂಪ್ ಕೊಂಡಿತು.

ಬಂದವಳು: ಕಾರ್ಖಾನೆ ಬಾಗಿಲಲ್ಲಿ ಮಾರುತ್ತಿದ್ದ ಮಾಲು ನನಗೆ ಚೆನ್ನಾಗಿ ಗೊತ್ತು. ಬೈಯರ್ ಹತ್ತು ಸಾವಿರ ಪೀಸ್ ಕೇಳಿದರೆ, ಕಟಿಂಗ್‌ನಲ್ಲೋ ಹೊಲಿಗೆಯಲ್ಲೋ ಕೆಲವು ಕೆಟ್ಟರೆ ಕೊರತೆಯಾಗಬಾರದು ಎಂದು ಒಂದಿಷ್ಟು ಹೆಚ್ಚಿಗೇ ಹೊಲಿಯುತ್ತೇವೆ. ಉಳಿದದ್ದು ಎಕ್ಸ್‌ಪೋರ್ಟ್ ಸರ್‌ಪ್ಲಸ್. ಚೆಕಿಂಗ್‌ನಲ್ಲಿ ಕಲೆ, ಹೊಲಿಗೆ ತಪ್ಪಿದ್ದು, ಬಣ್ಣದ ಛಾಯೆ ಹೊಂದದ್ದು ಸಿಕ್ಕರೆ ಅದು ರಿಜೆಕ್ಟ್. ಇಂಥ ಮಾಲು ಪೇಟೆಗೆ ಹೋಗುವ ಮುಂಚೆ ಕಾಲರಿನ ಲೇಬಲ್ಲಿಗೆ ಕತ್ತರಿ ಹಾಕುತ್ತಾರೆ. ಅರ್ಧ ಹೆಸರು ಕತ್ತರಿಸಿಹೋದ ಅಂಗಿಗಳು ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನ ಗಲ್ಲಿಗಳಲ್ಲಿ ಕಂಡರೆ ಅವು ಎಲ್ಲಿಂದ ಬಂದವೆಂದು ಗಾರ್ಮೆಂಟ್ಸ್‌ನವರಿಗೆ ಹೇಳಬೇಕಾಗಿಲ್ಲ. ಇಲ್ಲಿರುವುದೂ ಅದೇ ಬಗೆಯ ಮಾಲೇನು?

ನೆಲೆಸಿದವಳು: ಮೊದಲು ಹಾಗೇ ಇತ್ತು. ಈಗ ಅದರ ಪಾಲು ಕಡಿಮೆ. ಒಳಗೆ ಹೋಗಿ ಬಟ್ಟೆ ಕೈಗೆ ತೆಗೆದುಕೊಂಡಾಗ ನಿನಗೇ ತಿಳಿಯುತ್ತದೆ.

ವುಡ್‌ಬರಿ ಕಾಮನ್ ಒಂದೇ ಸೂರಿನ ಕಟ್ಟಡವಲ್ಲ. ಬೆಟ್ಟದ ತಪ್ಪಲಿನಲ್ಲಿ ಹರಡಿರುವ, ಹಳೆಯ ಕಾಲದ ಅಮೆರಿಕನ್ ಹಳ್ಳಿಯ ಮನೆಗಳಂತೆ ಕಾಣುವ ಅಂಗಡಿಗಳ ಸಾಲುಗಳು. ವಿಭಾಗಗಳಿಗೆ ನ್ಯೂಯಾರ್ಕ್ ರಾಜ್ಯದ ಪ್ರದೇಶಗಳ ಹೆಸರು ಕೊಟ್ಟಿದ್ದಾರೆ: ಅಡಿರಾಂಡಾಕ್ಸ್, ಸಾರಟೋಗಾ, ಹ್ಯಾಂಪ್ಟನ್ಸ್, ನಯಾಗರ ಹೀಗೆ. ನಡುವೆ ಮಾರ್ಕೆಟ್ ಹಾಲ್ ಎಂಬ ಊಟದ ಮಂಟಪ. ವಿದೇಶಿ ಪ್ರವಾಸಿಗರು ಖಾಲಿ ಸೂಟ್‌ಕೇಸ್ ಎಳೆದುಕೊಂಡು ಅಂಗಡಿಯಿಂದ ಅಂಗಡಿಗೆ ಹೋಗುವುದು ಇಲ್ಲಿ ಸಾಮಾನ್ಯ ನೋಟ.

ನೆಲೆಸಿದವಳು: ಎಲ್ಲ ಅಂಗಡಿ ಹೊಕ್ಕು ಬರಲು ಒಂದು ದಿನ ಸಾಲದು. ನಕ್ಷೆ ನೋಡಿ ಬೇಕಾದ ಏಳೆಂಟು ಅಂಗಡಿಗಳನ್ನು ಗುರುತು ಮಾಡಿಕೊಳ್ಳಬೇಕು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಬಂದರೆ ಸೈಜು ಸಿಗುತ್ತದೆ, ಟ್ರಯಲ್ ರೂಮಿನ ಮುಂದೆ ಸಾಲೂ ಇರುವುದಿಲ್ಲ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಮಾರನೆಯ ದಿನ ಬಂದರೆ ಹೆದ್ದಾರಿಯಿಂದ ಇಳಿಯುವುದೇ ಕಷ್ಟ.

ಬಂದವಳು: ಮೊದಲು ಈ ಚೀಟಿಯನ್ನು ಬಿಡಿಸಿ ಹೇಳು. ಮೇಲೆ ಒಂದು ಬೆಲೆ, ಅದರ ಮೇಲೆ ಗೀಟು. ಕೆಳಗೆ ಅದರ ಅರ್ಧದಷ್ಟು ಇನ್ನೊಂದು ಬೆಲೆ. ಬಾಗಿಲಲ್ಲಿ ಬೋರ್ಡು ಹಾಕಿದ್ದಾರೆ, ಇವತ್ತು ಅದರ ಮೇಲೂ ಕಡಿತವಂತೆ. ಮೇಲಿನದು ನಮ್ಮ ಎಂಆರ್‌ಪಿ ಇದ್ದಹಾಗೆ ತಾನೇ?

ನೆಲೆಸಿದವಳು: ನಮ್ಮೂರಿಂದ ಬಂದವರು ಎಡವುವುದು ಇಲ್ಲೇ. ಭಾರತದಲ್ಲಿ 1990ರಿಂದ ಪೊಟ್ಟಣದ ಸಾಮಾನಿನ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚಾಗುತ್ತ ಬಂದಿದೆ. ಎಲ್ಲ ತೆರಿಗೆಯೂ ಅದರಲ್ಲೇ ಸೇರಿರುತ್ತದೆ, ಅದಕ್ಕಿಂತ ಹೆಚ್ಚಿಗೆ ಕೇಳುವುದು ಕಾನೂನಿಗೆ ವಿರುದ್ಧ. ಅಮೆರಿಕದಲ್ಲಿ ಅಂಥ ಕಾಯ್ದೆ ಇಲ್ಲ. ಇಲ್ಲಿ ತಯಾರಕರು ಬರೆಯುವುದು ಬರೀ ಸಲಹೆಯ ಬೆಲೆ. ಔಟ್‌ಲೆಟ್‌ನಲ್ಲಿ ಗೀಟು ಎಳೆದ ಬೆಲೆಗೆ ಆ ಅಂಗಿ ಎಂದಾದರೂ, ಎಲ್ಲಾದರೂ, ಯಾರಿಗಾದರೂ ಮಾರಾಟವಾಗಿತ್ತೆ ಎಂದು ಚೀಟಿ ಹೇಳುವುದಿಲ್ಲ.

ಬಂದವಳು: ಹಾಗಾದರೆ ಯಾರು ಏನು ಬೇಕಾದರೂ ಬರೆಯಬಹುದೆ?

ನೆಲೆಸಿದವಳು: ಬರೆಯಬಾರದು. ಫೆಡರಲ್ ಟ್ರೇಡ್ ಕಮಿಷನ್ನಿನ ಮಾರ್ಗಸೂಚಿ ಇದೆ. ಹಿಂದಿನ ಬೆಲೆ ಎಂದು ತೋರಿಸಬೇಕಾದರೆ ಆ ಬೆಲೆಗೆ ಸರಕನ್ನು ಸಾಕಷ್ಟು ಕಾಲ ಪ್ರಾಮಾಣಿಕವಾಗಿ ಮಾರಾಟಕ್ಕೆ ಇಟ್ಟಿರಬೇಕು. ಸಾಕಷ್ಟು ಕಾಲ ಎಂದರೆ ಎಷ್ಟು ದಿನ ಅನ್ನುವುದನ್ನು ಮಾತ್ರ ಅದು ಹೇಳಿಲ್ಲ. 2014ರ ಜನವರಿಯಲ್ಲಿ ಅಮೆರಿಕ ಸಂಸತ್ತಿನ ನಾಲ್ವರು ಸದಸ್ಯರು ಔಟ್‌ಲೆಟ್ ಅಂಗಡಿಗಳ ಬೆಲೆ ತೋರಿಸುವ ಪದ್ಧತಿಯನ್ನು ಪರಿಶೀಲಿಸಬೇಕೆಂದು ಆ ಕಮಿಷನ್‌ಗೆ ಪತ್ರ ಬರೆದರು. ಗಿರಾಕಿಗಳು ಕೋರ್ಟಿಗೂ ಹೋಗಿದ್ದಾರೆ. ಯುರೋಪಿಯನ್ ಒಕ್ಕೂಟ ಇನ್ನೂ ಖಚಿತವಾದ ನಿಯಮ ಮಾಡಿದೆ. 2022ರ ಮೇ ತಿಂಗಳಿಂದ ಅಲ್ಲಿ ಕಡಿತ ಘೋಷಿಸುವ ಅಂಗಡಿ, ಹಿಂದಿನ ಕನಿಷ್ಠ 30 ದಿನಗಳಲ್ಲಿ ತಾನು ಹಾಕಿದ್ದ ಅತಿ ಕಡಿಮೆ ಬೆಲೆಯನ್ನೇ ಹಳೆಯ ಬೆಲೆ ಎಂದು ತೋರಿಸಬೇಕು. ಗಿರಾಕಿಗೆ ನ್ಯಾಯ ಸಿಗಬೇಕಾದರೆ ಅಂಥ ನಿಯಮ ಎಲ್ಲೆಡೆ ಬರಬೇಕು.

ಬಂದವಳು: ಸರಿ, ಚೀಟಿಯನ್ನು ಬದಿಗಿಟ್ಟು ಬಟ್ಟೆಯನ್ನೇ ನೋಡೋಣ.

ಒಂದು ಉಡುಪಿನ ಅಂಗಡಿಯಲ್ಲಿ ಗಂಡಸರ ಚೌಕಳಿ ಅಂಗಿಗಳಿದ್ದವು. ಮುಂದಿನ ಮೇಜಿನ ಮೇಲೆ ಮಡಿಸಿಟ್ಟ ಹೊಸ ರಾಶಿ; ಹಿಂಬದಿಯ ಗೋಡೆಯ ಕಂಬಿಗೆ ನೇತುಹಾಕಿದ, ಸೈಜು ಸೈಜಿಗೆ ಒಂದೆರಡೇ ಉಳಿದ ಕ್ಲಿಯರೆನ್ಸ್ ಮಾಲು. ಬೆಂಗಳೂರಿನಿಂದ ಬಂದವಳು ಎರಡೂ ಕಡೆಯಿಂದ ಒಂದೊಂದು ಅಂಗಿ ತೆಗೆದು, ಒಳಮೈ ಹೊರಗೆ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದಳು.

ಬಂದವಳು: ಮೇಜಿನ ಮೇಲಿದ್ದ ಅಂಗಿಯ ಮಗ್ಗುಲು ಹೊಲಿಗೆ ನೋಡು. ಎರಡು ಪದರ ಸೇರಿಸಿ ಅಂಚಿಗೆ ಓವರ್‌ಲಾಕ್ ಹೊಡೆದು ಮುಗಿಸಿದ್ದಾರೆ. ಗೋಡೆಯ ಬದಿಯ ಅಂಗಿಯಲ್ಲಿ ಅಂಚನ್ನು ಒಳಕ್ಕೆ ಮಡಿಸಿ ಮೇಲೆ ಮತ್ತೆ ಹೊಲಿದಿದ್ದಾರೆ. ಬಟ್ಟೆಯ ಹಸಿ ಅಂಚು ಎಲ್ಲೂ ಕಾಣುವುದಿಲ್ಲ. ಕಾಲರಿನ ಮೇಲೆ ಒಂದು ಇಂಚಿನಷ್ಟು ಅಳತೆ ಹಿಡಿದು ಹೊಲಿಗೆ ಎಣಿಸು. ಇದರಲ್ಲಿ ಹತ್ತು, ಹನ್ನೊಂದು. ಅದರಲ್ಲಿ ಹದಿನಾರು, ಹದಿನೇಳು. ಹೊಲಿಗೆ ಒತ್ತಾದಷ್ಟೂ ಬಾಳಿಕೆ ಹೆಚ್ಚು, ಮಶಿನ್ನಿನ ಮುಂದೆ ಹಿಡಿಯುವ ಹೊತ್ತೂ ಹೆಚ್ಚು.

ನೆಲೆಸಿದವಳು: ಜೇಬಿನಲ್ಲೂ ವ್ಯತ್ಯಾಸ ಕಾಣುತ್ತದೆ.

ಬಂದವಳು: ಚೌಕಳಿ ಅಂಗಿಯ ನಿಜವಾದ ಪರೀಕ್ಷೆಯೇ ಅದು. ಗೋಡೆಯ ಬದಿಯದರಲ್ಲಿ ಜೇಬಿನ ಗೆರೆ ಎದೆಯ ಗೆರೆಯ ಜೊತೆ ಕೂದಲೆಳೆಯಷ್ಟೂ ತಪ್ಪದೆ ಕೂಡಿದೆ. ಹಾಗೆ ಕೂಡಿಸಬೇಕಾದರೆ ಕಟಿಂಗ್‌ನಲ್ಲಿ ಬಟ್ಟೆ ವ್ಯರ್ಥವಾಗುತ್ತದೆ. ಮೇಜಿನ ಮೇಲಿನದರಲ್ಲಿ ಆ ತಾಪತ್ರಯ ಬೇಡವೆಂದು ಜೇಬನ್ನು ಓರೆಯಾಗಿ ಕತ್ತರಿಸಿ ಹಚ್ಚಿದ್ದಾರೆ. ನೋಡಲು ವಿನ್ಯಾಸದ ಹಾಗೆ ಕಾಣುತ್ತದೆ, ಉಳಿಸಿದ್ದು ಬಟ್ಟೆಯನ್ನು. ಕಾಜಾದ ಸುತ್ತಲಿನ ದಾರ ಇಲ್ಲಿ ತೆಳು. ಕಾಲರಿನ ಒಳಗೆ ಅಂಟಿಸಿದ ಕ್ಯಾನ್ವಾಸ್ ಹಗುರ. ಒಳಗಿನ ಪಟ್ಟಿಯಲ್ಲಿ ಬಿಡಿ ಗುಂಡಿ ಇಲ್ಲ. ಇಷ್ಟಾಗಿಯೂ ಇದು ಕೆಟ್ಟ ಅಂಗಿಯಲ್ಲ, ರಿಜೆಕ್ಟ್ ಮಾಲೂ ಅಲ್ಲ. ಚೆಕಿಂಗ್‌ನಲ್ಲಿ ಪಾಸಾಗಿಯೇ ಬಂದದ್ದು. ಕಡಿಮೆ ಬೆಲೆಗೆಂದೇ ಹೊಲಿಸಿದ ಬೇರೆ ಅಂಗಿ.

ನೆಲೆಸಿದವಳು: ನೀನು ಬಸ್ಸಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಅದೇ. ಔಟ್‌ಲೆಟ್‌ಗಳು ಬೆಳೆದಂತೆ ಉಳಿಕೆ ಮಾಲು ಸಾಲದಾಯಿತು. ನೂರಾರು ಅಂಗಡಿಗಳನ್ನು ವರ್ಷವಿಡೀ ತುಂಬಿಸುವಷ್ಟು ತಪ್ಪುಗಳನ್ನು ಯಾವ ಕಾರ್ಖಾನೆಯೂ ಮಾಡುವುದಿಲ್ಲ. ಹಾಗಾಗಿ ಕಂಪನಿಗಳು ಔಟ್‌ಲೆಟ್‌ಗೆಂದೇ ಪ್ರತ್ಯೇಕ ಮಾಲು ಮಾಡಿಸತೊಡಗಿದವು. ಕೆಲವು ಇದನ್ನು ಮುಚ್ಚಿಡುವುದೂ ಇಲ್ಲ. ಗ್ಯಾಪ್ ಫ್ಯಾಕ್ಟರಿ ಉಡುಪಿನ ಲೇಬಲ್ಲಿನಲ್ಲಿ ಹೆಸರಿನ ಕೆಳಗೆ ಮೂರು ಪುಟ್ಟ ಚೌಕಗಳು ಇರುವುದನ್ನು ಗಿರಾಕಿಗಳು ಗುರುತಿಸಿದ್ದಾರೆ. ಜೆ. ಕ್ರೂ ಫ್ಯಾಕ್ಟರಿ ತನ್ನದೇ ಬೇರೆ ಹೆಸರಿನಲ್ಲಿ ಮಾರುತ್ತದೆ. ಗೋಡೆಯ ಬದಿ ನೀನು ಕಂಡದ್ದು ಮುಖ್ಯ ಅಂಗಡಿಯಲ್ಲಿ ಋತು ಮುಗಿದಮೇಲೆ ಉಳಿದ ಮಾಲು. ಹಳೆಯ ಅರ್ಥದ ಔಟ್‌ಲೆಟ್ ಈಗ ಹಿಂದಿನ ಗೋಡೆಯಲ್ಲಿ ಮಾತ್ರ ಉಳಿದಿದೆ.

ಬಂದವಳು: ಹಾಗಿದ್ದರೆ ಮೇಜಿನ ಅಂಗಿಯ ಚೀಟಿಯಲ್ಲಿ ಗೀಟು ಎಳೆದ ಬೆಲೆ ಯಾವುದರದು? ಈ ಅಂಗಿ ಮುಖ್ಯ ಅಂಗಡಿಗೆ ಹೋಗಿಯೇ ಇಲ್ಲವಲ್ಲ.

ನೆಲೆಸಿದವಳು: ಆ ಸಂಸತ್ ಸದಸ್ಯರು ಎತ್ತಿದ ಪ್ರಶ್ನೆಯ ತಿರುಳೂ ಅದೇ.

ಉಡುಪಿನ ಒಳಗೆ ಹೊಲಿದ ಲೇಬಲ್ಲಿನಲ್ಲಿ ಇನ್ನಷ್ಟು ಮಾಹಿತಿ ಸಿಗುತ್ತದೆ. ಅಮೆರಿಕದ ಕಾನೂನಿನ ಪ್ರಕಾರ ನೂಲಿನ ವಿವರ, ತಯಾರಾದ ದೇಶ, ತಯಾರಿಸಿದ ಅಥವಾ ಮಾರುವ ಕಂಪನಿಯ ಗುರುತು ಇವಿಷ್ಟೂ ಅದರಲ್ಲಿರಬೇಕು. ಹೆಸರಿನ ಬದಲಿಗೆ ಆರ್‌ಎನ್ ಎಂಬ ನೋಂದಣಿ ಸಂಖ್ಯೆಯನ್ನೂ ಹಾಕಬಹುದು. ಬೆಲೆಯ ಚೀಟಿ ಅಂಗಡಿಯಲ್ಲಿ ಬದಲಾಗಬಹುದು. ಒಳಗಿನ ಈ ಪಟ್ಟಿ ಉಡುಪಿನೊಡನೆ ಕಾರ್ಖಾನೆಯಿಂದಲೇ ಬರುತ್ತದೆ.

ನೆಲೆಸಿದವಳು: ಇದರಲ್ಲಿ ಮೇಡ್ ಇನ್ ಇಂಡಿಯಾ ಎಂದಿದೆ. ನಿಮ್ಮ ಪೀಣ್ಯದಲ್ಲೇ ಹೊಲಿದದ್ದೂ ಇರಬಹುದು.

ಬಂದವಳು: ಇರಬಹುದು. ಮೈಸೂರು ರಸ್ತೆ, ಬೊಮ್ಮನಹಳ್ಳಿ, ದೊಡ್ಡಬಳ್ಳಾಪುರ, ರಾಮನಗರ, ಮದ್ದೂರು ಹೀಗೆ ಎಲ್ಲಿ ಬೇಕಾದರೂ ಹೊಲಿದಿರಬಹುದು. ಯಾವ ದೇಶದಿಂದ ಎಷ್ಟು ಬಟ್ಟೆ ತರಿಸಬೇಕೆಂದು ಮಿತಿ ಹಾಕುವ, 1974ರ ಬಹುನೂಲು ಒಪ್ಪಂದದಿಂದ ಬಂದ ಪದ್ಧತಿ 2004ರ ಕೊನೆಯವರೆಗೆ ಜಾರಿಯಲ್ಲಿತ್ತು. ಅದು ಮುಗಿದಮೇಲೆ ದೇಶದೇಶಗಳ ನಡುವೆ ಪೈಪೋಟಿ ಜೋರಾಯಿತು. ಬೈಯರ್ ಬಂದು ಹೇಳುವುದು ಒಂದೇ ಮಾತು: ಈ ಬೆಲೆಗೆ ಆಗುತ್ತದೆಯೋ, ಇಲ್ಲವೋ? ಆಗ ಅಂಗಿಯ ಪ್ರತಿಯೊಂದು ಕೆಲಸಕ್ಕೂ ಹಿಡಿಯುವ ನಿಮಿಷಗಳ ಲೆಕ್ಕ ತೆಗೆಯುತ್ತಾರೆ. ಕಾಲರು ಹಚ್ಚಲು ಇಷ್ಟು, ಕಫ್ ಕೂಡಿಸಲು ಇಷ್ಟು, ಕಾಜಾ ಮಾಡಲು ಇಷ್ಟು ಎಂದು. ಕಾರ್ಖಾನೆಯಲ್ಲಿ ಅದನ್ನು ಸ್ಯಾಮ್ ಅನ್ನುತ್ತೇವೆ. ಬೆಲೆ ಇಳಿಸಬೇಕೆಂದರೆ ಒಂದು ಮಡಿಕೆ ತೆಗೆಯಬೇಕು, ಒಂದು ಹೊಲಿಗೆ ಬಿಡಬೇಕು, ಇಲ್ಲವೆ ಲೈನಿನ ಮೇಲೆ ಗಂಟೆಯ ಟಾರ್ಗೆಟ್ ಏರಿಸಬೇಕು.

ನೆಲೆಸಿದವಳು: ಮಡಿಕೆ ತೆಗೆದರೆ ಗಿರಾಕಿಗೆ ನಷ್ಟ. ಟಾರ್ಗೆಟ್ ಏರಿಸಿದರೆ ಹೊಲಿಯುವವಳಿಗೆ ನಷ್ಟ.

ಬಂದವಳು: ಆ ಲೈನಿನಲ್ಲಿ ಕೂತವರಲ್ಲಿ ಬಹುಪಾಲು ಹೆಂಗಸರು. ಬೆಳಿಗ್ಗೆ ಮನೆಯ ಅಡುಗೆ ಮುಗಿಸಿ, ಕಂಪನಿಯ ಬಸ್ಸು ಹಿಡಿದು ಬರುವವರು. ಅವರ ಸಿಟ್ಟು ದೇಶಕ್ಕೆ ಗೊತ್ತಾದದ್ದು 2016ರ ಏಪ್ರಿಲ್‌ನಲ್ಲಿ. ಪಿಎಫ್ ಹಣದ ಒಂದು ಭಾಗವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರಿನ ರಸ್ತೆಗಿಳಿದರು. ಏಪ್ರಿಲ್ 18, 19ರಂದು ಊರೇ ನಿಂತುಹೋಯಿತು. 19ರಂದೇ ಸರ್ಕಾರ ಆ ನಿಯಮವನ್ನು ವಾಪಸು ಪಡೆಯಿತು. ಮಗಳ ಮದುವೆಗೋ ಮನೆಯ ಸಾಲಕ್ಕೋ ಆ ಹಣವೇ ಅವರಿಗೆ ಆಧಾರ. ಅಗ್ಗದ ಅಂಗಿ ಎಂದಾಗ ನನಗೆ ಮೊದಲು ನೆನಪಾಗುವುದು ಅವರು. ಅಗ್ಗಕ್ಕೆ ಸಿಕ್ಕಿತೆಂದು ಕೊಂಡು, ಒಂದೇ ಸಲ ಹಾಕಿ ಬಿಸಾಡುವುದು ಅವರ ದುಡಿಮೆಗೆ ಮಾಡುವ ಅವಮಾನ.

ಮಧ್ಯಾಹ್ನದ ಹೊತ್ತಿಗೆ ಮಾರ್ಕೆಟ್ ಹಾಲ್‌ನಲ್ಲಿ ಊಟಕ್ಕೆ ಕೂತಾಗ ಮಾತು ಗಿರಾಕಿಯ ಮನಸ್ಸಿನ ಕಡೆ ಹೊರಳಿತು. ಸುತ್ತಲಿನ ಮೇಜುಗಳ ಅಡಿಯೆಲ್ಲ ಚೀಲಗಳ ರಾಶಿ.

ಬಂದವಳು: ಗೀಟು ಎಳೆದ ಬೆಲೆ ನಂಬುವಂಥದ್ದಲ್ಲ ಎಂದು ಎಷ್ಟೋ ಜನರಿಗೆ ಗೊತ್ತು. ಆದರೂ ಅದು ಹೇಗೆ ಕೆಲಸ ಮಾಡುತ್ತದೆ?

ನೆಲೆಸಿದವಳು: ಗೊತ್ತಿದ್ದರೂ ಕಣ್ಣಿಗೆ ಬಿದ್ದ ಅಂಕಿ ಮನಸ್ಸನ್ನು ಎಳೆಯುತ್ತದೆ. ಆಮೋಸ್ ಟ್ವರ್ಸ್ಕಿ, ಡೇನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಪ್ರಯೋಗವಿದೆ. ಜನರ ಮುಂದೆ ಅಂಕಿಗಳ ಚಕ್ರ ತಿರುಗಿಸಿದರು; ಅದು 10ಕ್ಕೋ 65ಕ್ಕೋ ನಿಲ್ಲುವಂತೆ ಮೊದಲೇ ಹೊಂದಿಸಿದ್ದರು. ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳ ಪಾಲು ಶೇಕಡಾ ಎಷ್ಟು ಎಂದು ಕೇಳಿದರು. 10 ಕಂಡವರ ಮಧ್ಯಮ ಅಂದಾಜು 25, 65 ಕಂಡವರದು 45. ಪ್ರಶ್ನೆಗೆ ಸಂಬಂಧವೇ ಇಲ್ಲದ ಅಂಕಿ ಉತ್ತರವನ್ನು ಅಷ್ಟು ದೂರ ಎಳೆಯಿತು. ಅಂಗಿಯ ಚೀಟಿಯ ಮೇಲಿನ ಅಂಕಿ ಅಂಗಿಗೇ ಅಂಟಿಕೊಂಡಿರುತ್ತದೆ. ಅದು ಎಳೆಯದೆ ಇರುತ್ತದೆಯೆ?

ಬಂದವಳು: ಕೊಂಡ ಮೇಲೆ ಆಗುವ ಖುಷಿ ವಸ್ತುವಿನದೋ, ಉಳಿಸಿದೆ ಎನ್ನುವುದರದೋ?

ನೆಲೆಸಿದವಳು: ಎರಡೂ ಬೇರೆ ಬೇರೆ ಎಂದು ರಿಚರ್ಡ್ ಥೇಲರ್ 1985ರಲ್ಲಿ ತೋರಿಸಿದರು. ಮುಂದೆ 2017ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ವಸ್ತು ಉಪಯೋಗಕ್ಕೆ ಬಂದಾಗ ಸಿಗುವ ತೃಪ್ತಿ ಒಂದು, ಒಳ್ಳೆಯ ವ್ಯಾಪಾರ ಕುದುರಿಸಿದೆ ಎಂಬ ತೃಪ್ತಿ ಇನ್ನೊಂದು. ಎರಡನೆಯದು ಅಂಗಡಿಯ ಬಾಗಿಲು ದಾಟುವಷ್ಟರಲ್ಲಿ ತೀರಿಹೋಗಬಹುದು. ಮೊದಲನೆಯದು ಬಟ್ಟೆ ಬಾಳುವಷ್ಟು ಕಾಲ ಬಾಳುತ್ತದೆ. ಔಟ್‌ಲೆಟ್ ಮಾರುವುದು ಬಹುಮಟ್ಟಿಗೆ ಎರಡನೆಯದನ್ನು.

ಬಂದವಳು: ಪ್ರಾಮಾಣಿಕವಾಗಿ ಒಂದೇ ಬೆಲೆ ಬರೆದು ಮಾರಿದರೆ ಆಗದೇ?

ನೆಲೆಸಿದವಳು: ಜೆ.ಸಿ. ಪೆನ್ನಿ ಎಂಬ ದೊಡ್ಡ ಅಂಗಡಿ ಸರಣಿ 2012ರಲ್ಲಿ ಅದನ್ನೇ ಮಾಡಿತು. ಕೂಪನ್ನು, ದಿನಕ್ಕೊಂದು ಸೇಲು ಎಲ್ಲ ನಿಲ್ಲಿಸಿ, ಮೊದಲಿಂದಲೇ ತಗ್ಗಿಸಿದ ಬೆಲೆ ಬರೆಯಿತು. ಆ ವರ್ಷ ಅದರ ಮಾರಾಟ ಸುಮಾರು ಕಾಲುಭಾಗ ಕುಸಿಯಿತು. ಆ ಯೋಜನೆ ತಂದ ಮುಖ್ಯಸ್ಥ ರಾನ್ ಜಾನ್ಸನ್ 2013ರ ಏಪ್ರಿಲ್‌ನಲ್ಲಿ ಹುದ್ದೆ ಬಿಡಬೇಕಾಯಿತು. ಹಾಗಾಗಿ ತಪ್ಪನ್ನೆಲ್ಲ ಅಂಗಡಿಯವರ ತಲೆಗೆ ಕಟ್ಟಲು ಆಗದು. ಗೀಟು ಕಂಡರೆ ಮಾತ್ರ ಕೊಳ್ಳುವ ನಮ್ಮ ಅಭ್ಯಾಸವೂ ಬದಲಾಗಬೇಕು.

ಬಂದವಳು: ಗೆಳತಿಯ ಜೊತೆ ಹೋಗುವುದರಿಂದ ಖರ್ಚು ಹೆಚ್ಚುತ್ತದೆಯೋ, ತಗ್ಗುತ್ತದೆಯೋ?

ನೆಲೆಸಿದವಳು: ಗೆಳತಿಯ ಮೇಲಿದೆ. ಎಲ್ಲಕ್ಕೂ ಚೆನ್ನಾಗಿದೆ ಎನ್ನುವವಳ ಜೊತೆ ಹೋದರೆ ಚೀಲ ತುಂಬುತ್ತದೆ. ಇದೇ ಬಣ್ಣದ್ದು ಮನೆಯಲ್ಲಿ ಇದೆಯಲ್ಲ ಎಂದು ನೆನಪಿಸುವವಳ ಜೊತೆ ಹೋದರೆ ಹಣ ಉಳಿಯುತ್ತದೆ. ಟ್ರಯಲ್ ರೂಮಿನ ಕನ್ನಡಿ ಹೇಳದ ಮಾತನ್ನು ಹೇಳಲು ಒಬ್ಬರು ಬೇಕು. ಭುಜ ಬಿಗಿಯಾಗಿದೆ, ತೆಗೆದಿಡು ಎಂದು ಅಳುಕದೆ ಹೇಳುವ ಸಲುಗೆ ಗೆಳೆತನದಲ್ಲಿ ಮಾತ್ರ ಇರುತ್ತದೆ.

ಮರಳುವ ಬಸ್ಸಿಗೆ ಮುಂಚೆ ಕೌಂಟರಿನಲ್ಲಿ ಹಣ ಕಟ್ಟುವಾಗ ತಿಳಿದಿರಬೇಕಾದ ಸಂಗತಿಗಳೂ ಇವೆ.

ಬಂದವಳು: ಚೀಟಿಯಲ್ಲಿದ್ದುದಕ್ಕಿಂತ ಬಿಲ್ಲು ಹೆಚ್ಚು ಬಂದಿದೆಯಲ್ಲ?

ನೆಲೆಸಿದವಳು: ಇಲ್ಲಿ ಮಾರಾಟ ತೆರಿಗೆ ಕೌಂಟರಿನಲ್ಲಿ ಸೇರುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ 110 ಡಾಲರಿಗಿಂತ ಕಡಿಮೆ ಬೆಲೆಯ ಪ್ರತಿ ಉಡುಪು, ಪ್ರತಿ ಜೊತೆ ಬೂಟಿಗೆ ರಾಜ್ಯದ 4% ತೆರಿಗೆ ಇಲ್ಲ. ಆದರೆ ಈ ಮಾಲ್ ಇರುವ ಆರೆಂಜ್ ಕೌಂಟಿಯ ಸ್ಥಳೀಯ ತೆರಿಗೆ ಬೀಳುತ್ತದೆ. ನ್ಯೂಜೆರ್ಸಿಯಲ್ಲಿ ದಿನಬಳಕೆಯ ಉಡುಪಿಗೆ, ಬೂಟಿಗೆ ತೆರಿಗೆಯೇ ಇಲ್ಲ. ಕೈಚೀಲಕ್ಕೆ ಇದೆ. ನೆವಾರ್ಕ್ ವಿಮಾನ ನಿಲ್ದಾಣದ ಹತ್ತಿರದ ಎಲಿಜಬೆತ್ ಊರಿನಲ್ಲಿ 1999ರಲ್ಲಿ ಜೆರ್ಸಿ ಗಾರ್ಡನ್ಸ್ ಎಂಬ ಔಟ್‌ಲೆಟ್ ಮಾಲ್ ತೆರೆಯಿತು. ಹಳೆಯ ಕಸದ ಗುಡ್ಡೆಯ ಜಾಗದಲ್ಲಿ ಕಟ್ಟಿದ್ದು, ಪೂರ್ತಿ ಸೂರಿನ ಕೆಳಗಿದೆ. ಮಳೆ, ಚಳಿ ತಾಳದ ಹಿರಿಯರನ್ನು ಕರೆದೊಯ್ಯಲು ಅದೇ ವಾಸಿ.

ಬಂದವಳು: ಊರಿಗೆ ಹೋದಮೇಲೆ ಅಳತೆ ಸರಿಯಾಗದಿದ್ದರೆ ಮರಳಿಸಬಹುದೆ?

ನೆಲೆಸಿದವಳು: ಔಟ್‌ಲೆಟ್‌ನಲ್ಲಿ ಕೊಂಡದ್ದನ್ನು ನಗರದ ಮುಖ್ಯ ಅಂಗಡಿಗಳು ಅನೇಕ ವೇಳೆ ಮರಳಿ ಪಡೆಯುವುದಿಲ್ಲ. ಫೈನಲ್ ಸೇಲ್ ಎಂದು ಬರೆದದ್ದನ್ನು ಯಾರೂ ಪಡೆಯುವುದಿಲ್ಲ. ಆದ್ದರಿಂದ ಉಡುಗೊರೆಗೆಂದು ಕೊಳ್ಳುವವರು ಅಳತೆಯನ್ನು ಇಂಚಿನಲ್ಲಿ ಬರೆದುಕೊಂಡು ಬರಬೇಕು. ಸ್ಮಾಲ್, ಮೀಡಿಯಂಗಳನ್ನು ನಂಬಬಾರದು. ಇಲ್ಲಿಯ ಸ್ಮಾಲ್ ನಮ್ಮೂರಿನ ಮೀಡಿಯಂನಷ್ಟು ದೊಡ್ಡದಿರುವುದುಂಟು. ವಿಮಾನದ ತೂಕದ ಮಿತಿಯೂ ಇದೆ. ಚೆಕ್-ಇನ್ ಚೀಲಕ್ಕೆ ಸಾಮಾನ್ಯವಾಗಿ 23 ಕಿಲೋ. ಬೆಂಗಳೂರಿನಲ್ಲಿ ಇಳಿದಾಗ ಸುಂಕವಿಲ್ಲದೆ ತರಬಹುದಾದ ಮೌಲ್ಯಕ್ಕೂ ಮಿತಿ ಇದೆ. ಹೊರಡುವ ಮುಂಚೆ ಅಂದಿನ ನಿಯಮ ನೋಡಿಕೊಳ್ಳಬೇಕು.

ಬಂದವಳು: ಎಲ್ಲ ಕೂಡಿಸಿ ನೋಡಿದರೆ, ಕೊಂಡರೆ ಲಾಭವಾಗುವುದು ಯಾವುದರಲ್ಲಿ?

ನೆಲೆಸಿದವಳು: ಋತು ಮುಗಿದ ಚಳಿಗಾಲದ ಕೋಟು, ಓಟದ ಬೂಟು, ಸೂಟ್‌ಕೇಸು, ಅಡುಗೆ ಪಾತ್ರೆ ಇಂಥವುಗಳಲ್ಲಿ ಉಳಿತಾಯ ನಿಜವಾಗಿ ಸಿಗಬಹುದು. ಮಾದರಿಯ ಹೆಸರು, ಸಂಖ್ಯೆ ಇರುವ ವಸ್ತುವನ್ನು ಬೇರೆ ಅಂಗಡಿಯ ಬೆಲೆಯೊಂದಿಗೆ ಅಲ್ಲೇ ಫೋನಿನಲ್ಲಿ ಹೋಲಿಸಬಹುದು. ಔಟ್‌ಲೆಟ್‌ಗೆಂದೇ ಮಾಡಿದ ಉಡುಪಿಗೆ ಹೋಲಿಕೆ ಇಲ್ಲ. ಅದನ್ನು ಕೆಳಗೆ ಬರೆದ ಬೆಲೆಗೆ ತೂಗಿ ನೋಡಬೇಕು.

ಬಂದವಳು: ಕಾಸಿಗೆ ತಕ್ಕ ಕಜ್ಜಾಯ ಎನ್ನುತ್ತೇವಲ್ಲ, ಇಲ್ಲೂ ಅಷ್ಟೇ. ಇಪ್ಪತ್ತೈದು ಡಾಲರಿನ ಅಂಗಿ ಇಪ್ಪತ್ತೈದು ಡಾಲರಿನ ಅಂಗಿಯೇ. ಅರವತ್ತರದು ಇಪ್ಪತ್ತೈದಕ್ಕೆ ಸಿಕ್ಕಿತು ಎಂದುಕೊಂಡಾಗ ಮಾತ್ರ ಮೋಸ ಹೋಗುತ್ತೇವೆ.

ಔಟ್‌ಲೆಟ್ ಮಾಲ್‌ಗೆ ಹೊರಟವರು ಪಾಲಿಸಬೇಕಾದ ಕ್ರಮ ಸರಳ. ಬೇಕಾದದ್ದನ್ನು ಮನೆಯಲ್ಲೇ ಬರೆದುಕೊಂಡು ಹೋಗಬೇಕು. ಮೊದಲು ಹಿಂದಿನ ಗೋಡೆಯ ಕ್ಲಿಯರೆನ್ಸ್ ಮಾಲು ನೋಡಿ ಆಮೇಲೆ ಮುಂದಿನ ಮೇಜಿಗೆ ಬರಬೇಕು. ಉಡುಪಿನ ಒಳಮೈ ತಿರುವಿ ಹೊಲಿಗೆ, ಅಂಚು, ನೂಲಿನ ವಿವರ ನೋಡಬೇಕು. ಗೀಟು ಎಳೆದ ಬೆಲೆಯನ್ನು ಹೆಬ್ಬೆರಳಿನಿಂದ ಮುಚ್ಚಿ, ಕೆಳಗಿನ ಬೆಲೆಗೆ ಈ ವಸ್ತು ಬೇಕೇ ಎಂದು ಕೇಳಿಕೊಳ್ಳಬೇಕು. ಬೇಕು ಎನ್ನಿಸಿದರೆ ಕೊಂಡು, ಹರಿಯುವ ತನಕ ತೊಡಬೇಕು. ಆಗ ಕೊಟ್ಟ ಹಣಕ್ಕೂ ಬೆಲೆ ಸಿಗುತ್ತದೆ, ಅದನ್ನು ಹೊಲಿದವರ ದುಡಿಮೆಗೂ ಮರ್ಯಾದೆ ಸಲ್ಲುತ್ತದೆ.